ಉದುರುವುದೇ ಗುಣ: ಎರೆನಾಡಿನ ಜೋಳ, ಮಾದಲಿ ಮತ್ತು ಅಂಟಿಲ್ಲದ ಹಿಟ್ಟಿನ ಚರಿತ್ರೆ

ಚರಿತ್ರೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕೋಟೆ, ಶಾಸನ, ಯುದ್ಧ, ಒಪ್ಪಂದ. ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಇವುಗಳಿಗೆ ಕೊರತೆಯಿಲ್ಲ. 11ನೆಯ ಶತಮಾನದಲ್ಲಿ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದ್ದು ರೋಣದ ಬಳಿಯ ಸೂಡಿಯಿಂದ. 1787ರಲ್ಲಿ ಟಿಪ್ಪು ಸುಲ್ತಾನನಿಗೂ ಮರಾಠರಿಗೂ ಒಪ್ಪಂದವಾದದ್ದು ಗಜೇಂದ್ರಗಡದಲ್ಲಿ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಗಲ್ಲಿಗೇರಿದ ಬಾಬಾಸಾಹೇಬ ಭಾವೆ ನರಗುಂದದ ಅರಸ. ಇವೆಲ್ಲ ನಿಮ್ಮ ಪಠ್ಯಪುಸ್ತಕದಲ್ಲಿ ಒಂದಲ್ಲ ಒಂದು ಕಡೆ ಸಿಗುತ್ತವೆ.

ಆದರೆ ಸೂಡಿಯ ಶಿಲ್ಪಿ ಏನು ಉಣ್ಣುತ್ತಿದ್ದ, ನರಗುಂದದ ಸೈನಿಕನ ಬುತ್ತಿಯಲ್ಲಿ ಏನಿತ್ತು ಎಂಬ ಪ್ರಶ್ನೆಗೂ ಒಂದು ಚರಿತ್ರೆ ಇದೆ. ಆ ಚರಿತ್ರೆಯನ್ನು ಬಹಳ ಚಿಕ್ಕದೊಂದು ಪದಾರ್ಥದಿಂದ ಆರಂಭಿಸೋಣ. ಪಾಶ್ಚಾತ್ಯರ ಅಡುಗೆಯಲ್ಲಿ ಕ್ರಂಬಲ್ ಎಂಬ ಸಿಹಿ ಇದೆ. ಬೇಯಿಸಿದ ಹಣ್ಣಿನ ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆ ಕಲಸಿದ ಉದುರು ಪುಡಿಯನ್ನು ಹರಡಿ, ಅದು ಕೆಂಪಗೆ ಗರಿಯಾಗುವವರೆಗೆ ಕಾಯಿಸುತ್ತಾರೆ. ಹಿಟ್ಟು ಎಂದರೆ ಅಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು. ಗೋಧಿ ಮುಟ್ಟಬಾರದ ಮಗುವಿಗೆ ಇದನ್ನು ಮಾಡಿಕೊಡಬೇಕಾದರೆ ಏನು ಮಾಡುವುದು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಇಟಲಿಯ ಪ್ರಯೋಗಶಾಲೆ, ಹಾಲೆಂಡಿನ ಕ್ಷಾಮ, ಆಫ್ರಿಕಾದ ಹೊಲ ಎಲ್ಲವನ್ನೂ ಸುತ್ತಿ ಕೊನೆಗೆ ನಮ್ಮ ಎರೆಹೊಲದ ಬಿಳಿಜೋಳಕ್ಕೇ ಬಂದು ನಿಲ್ಲುತ್ತೇವೆ.

ಗೋಧಿಯ ಒಳಗಿನ ಅಂಟು

ಒಂದು ಸರಳ ಪ್ರಯೋಗವನ್ನು ನೀವೇ ಮಾಡಿ ನೋಡಬಹುದು. ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಡಿ. ಆಮೇಲೆ ಆ ಕಣಕದ ಉಂಡೆಯನ್ನು ನೀರಿನಲ್ಲಿ ಹಿಸುಕುತ್ತ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ನೀರಿಗೆ ಇಳಿದು ಹೋಗುತ್ತದೆ. ಕೈಯಲ್ಲಿ ರಬ್ಬರಿನಂತೆ ಎಳೆಯಬಹುದಾದ ಒಂದು ಬೂದು ಬಣ್ಣದ ಮುದ್ದೆ ಉಳಿಯುತ್ತದೆ. ಇದೇ ಗ್ಲುಟೆನ್. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಅಂಟು ಎಂದೇ ಅರ್ಥ. ಇಟಲಿಯ ಬೊಲೋನ್ಯ ನಗರದ ವಿದ್ವಾಂಸ ಯಾಕೊಪೊ ಬೆಕ್ಕಾರಿ 1728ರಲ್ಲಿ ಇದನ್ನೇ ಮಾಡಿ ವಿವರಿಸಿದ. ಅವನ ವರದಿ ಅಚ್ಚಾದದ್ದು 1745ರಲ್ಲಿ. ಸಸ್ಯದಿಂದ ಇಂಥ ವಸ್ತುವನ್ನು ಬೇರ್ಪಡಿಸಿ ತೋರಿಸಿದ ಮೊದಲ ಪ್ರಯೋಗಗಳಲ್ಲಿ ಇದೂ ಒಂದು.

ಈಗ ಅದೇ ಪ್ರಯೋಗವನ್ನು ಜೋಳದ ಹಿಟ್ಟಿನಿಂದ ಮಾಡಿ. ಉಂಡೆ ಕರಗಿ ಹೋಗುತ್ತದೆ, ಕೈಯಲ್ಲಿ ಏನೂ ಉಳಿಯುವುದಿಲ್ಲ. ಜೋಳದಲ್ಲೂ ಪ್ರೋಟೀನು ಇದೆ, ಆದರೆ ಬೇರೆ ಬಗೆಯದು. ಗೋಧಿಯಲ್ಲಿ ಗ್ಲಯಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳು ನೀರು ತಾಗಿದೊಡನೆ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಈ ಬಲೆ ಗಾಳಿಯನ್ನು ಹಿಡಿದಿಡುವುದರಿಂದ ಬ್ರೆಡ್ಡು ಉಬ್ಬುತ್ತದೆ, ಚಪಾತಿ ಹರಿಯದೆ ಹಿಗ್ಗುತ್ತದೆ. ಜೋಳದ ಪ್ರೋಟೀನಾದ ಕಾಫಿರಿನ್ ಮುಚ್ಚಿದ ಸಣ್ಣ ಗುಳಿಗೆಗಳಂತೆ ಕಾಳಿನೊಳಗೆ ಕುಳಿತಿರುತ್ತದೆ. ಅದು ಬಲೆ ಹೆಣೆಯುವುದಿಲ್ಲ.

ಹಾಗಾದರೆ ನಮ್ಮ ತಾಯಂದಿರು ಬಲೆಯಿಲ್ಲದ ಹಿಟ್ಟಿನಿಂದ ಅಷ್ಟು ತೆಳುವಾದ ರೊಟ್ಟಿಯನ್ನು ಹೇಗೆ ಬಡಿಯುತ್ತಾರೆ? ಕುದಿಯುವ ಎಸರಿನಿಂದ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ನೀರು ತಾಗಿದಾಗ ಜೋಳದ ಪಿಷ್ಟದ ಕಣಗಳು ಉಬ್ಬಿ ಜಿಗುಟಾಗುತ್ತವೆ. ಈ ಜಿಗುಟೇ ಹಿಟ್ಟನ್ನು ಹಿಡಿದಿಡುತ್ತದೆ. ‘ಈ ಹಿಟ್ಟಿಗೆ ಜಿಗಿ ಇಲ್ಲ’ ಎಂದು ಹಳ್ಳಿಯ ಹೆಣ್ಣುಮಗಳು ಹೇಳಿದರೆ ಅವಳು ಪಿಷ್ಟದ ಗುಣವನ್ನೇ ಕುರಿತು ಮಾತನಾಡುತ್ತಿದ್ದಾಳೆ. ಬೆಕ್ಕಾರಿಯ ಪ್ರಯೋಗಕ್ಕೆ ಹೆಸರು, ವರ್ಷ ಎರಡೂ ಇವೆ. ಎಸರು ಹಾಕಿ ರೊಟ್ಟಿ ಬಡಿದ ಮೊದಲ ಹೆಣ್ಣುಮಗಳಿಗೆ ಎರಡೂ ಇಲ್ಲ. ಆದರೆ ಎರಡೂ ಒಂದೇ ಬಗೆಯ ಜಾಣ್ಮೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಮರೆಯಬಾರದು.

ಕ್ಷಾಮ ಕಲಿಸಿದ ಪಾಠ

ಈ ಅಂಟು ಬಹುಪಾಲು ಜನರಿಗೆ ಯಾವ ತೊಂದರೆಯನ್ನೂ ಮಾಡುವುದಿಲ್ಲ. ಕೆಲವರ ಶರೀರ ಮಾತ್ರ ಅದನ್ನು ಶತ್ರುವೆಂದು ಭಾವಿಸಿ, ತನ್ನ ಕರುಳಿನ ಒಳಪದರವನ್ನೇ ಹಾಳು ಮಾಡಿಕೊಳ್ಳುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಮಕ್ಕಳು ಸೊರಗುತ್ತಾರೆ, ಬೆಳವಣಿಗೆ ಕುಂಠಿತವಾಗುತ್ತದೆ, ರಕ್ತಹೀನತೆ ಕಾಡುತ್ತದೆ. ಇದಕ್ಕೆ ಸೀಲಿಯಾಕ್ ಕಾಯಿಲೆ ಎಂದು ಹೆಸರು. ಇದರ ಲಕ್ಷಣಗಳನ್ನು ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಸ್ಪಷ್ಟವಾಗಿ ಬರೆದಿಟ್ಟ. ಆಹಾರದಲ್ಲೇ ಇದರ ಪರಿಹಾರವಿದೆ ಎಂದು ಆತ ಊಹಿಸಿದ್ದನಾದರೂ ಯಾವ ಆಹಾರ ದೋಷಿ ಎಂಬುದು ಅವನಿಗೆ ತಿಳಿಯಲಿಲ್ಲ.

ಉತ್ತರ ದೊರೆತದ್ದು ಹಾಲೆಂಡಿನಲ್ಲಿ. ಮಕ್ಕಳ ವೈದ್ಯ ವಿಲೆಮ್ ಡಿಕೆ 1930ರ ದಶಕದಿಂದಲೇ ಗೋಧಿಯ ಮೇಲೆ ಸಂಶಯಪಟ್ಟು ರೋಗಿಗಳಿಗೆ ಗೋಧಿಯಿಲ್ಲದ ಪಥ್ಯ ಕೊಡುತ್ತಿದ್ದರು. 1944-45ರ ಚಳಿಗಾಲದಲ್ಲಿ, ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಹಾಲೆಂಡಿಗೆ ಭೀಕರ ಕ್ಷಾಮ ಬಂತು. ಬ್ರೆಡ್ಡು ಸಿಗದೆ ಜನ ಟುಲಿಪ್ ಹೂವಿನ ಗಡ್ಡೆಗಳನ್ನು ತಿಂದು ಬದುಕಿದರು. ಇಡೀ ದೇಶ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಕಾಯಿಲೆಯೂ ಮರಳಿತು. ಡಿಕೆ ತಮ್ಮ ಅವಲೋಕನಗಳನ್ನು 1950ರಲ್ಲಿ ಡಾಕ್ಟರೇಟ್ ಪ್ರಬಂಧವಾಗಿ ಮಂಡಿಸಿದರು. ದೋಷವಿರುವುದು ಗೋಧಿಯ ಅಂಟಿನಲ್ಲಿ ಎಂಬುದು ಅವರ ಮತ್ತು ಸಹೋದ್ಯೋಗಿಗಳ ಮುಂದಿನ ಸಂಶೋಧನೆಯಿಂದ ಖಚಿತವಾಯಿತು. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿಯೂ ಅಂಥದೇ ಪ್ರೋಟೀನುಗಳಿವೆ. ಜೋಳ, ಸಜ್ಜೆ, ರಾಗಿ, ನವಣೆ, ಮೆಕ್ಕೆಜೋಳ, ಅಕ್ಕಿ ಇವುಗಳಲ್ಲಿ ಇಲ್ಲ. ಈ ಪಟ್ಟಿಯನ್ನು ಗಮನಿಸಿ: ಮೆಕ್ಕೆಜೋಳ ಮತ್ತು ಅಕ್ಕಿಯನ್ನು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಬಯಲುಸೀಮೆಯ ಬಡವರ ಊಟವೇ.

ಹೊಲದ ಚರಿತ್ರೆ

ನಮ್ಮ ಭಾಗದ ಮೊದಲ ಬೇಸಾಯಗಾರರು ಏನು ಬೆಳೆಯುತ್ತಿದ್ದರು? ತುಂಗಭದ್ರೆಯ ದಡದ ಹಳ್ಳೂರು, ಬಳ್ಳಾರಿಯ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಪುರಾತತ್ವಜ್ಞರು ಪರಿಶೀಲಿಸಿದ್ದಾರೆ. ಕೊರಲೆಯಂಥ ಕಿರುಧಾನ್ಯಗಳು, ಹುರುಳಿ, ಹೆಸರು ಅಲ್ಲಿ ಮುಖ್ಯವಾಗಿದ್ದವು. ಗೋಧಿ ಮತ್ತು ಬಾರ್ಲಿಯ ಕಾಳುಗಳೂ ಕೆಲವು ನೆಲೆಗಳಲ್ಲಿ ಸಿಕ್ಕಿವೆ, ಆದರೆ ಸ್ವಲ್ಪ. ಅಂದರೆ ಗೋಧಿ ಇಲ್ಲಿಗೆ ಬಂದು ಬಹುಕಾಲವಾಯಿತು. ಬಂದರೂ ಅದು ದಿನದ ಊಟವಾಗದೆ ನೆಂಟನಾಗಿಯೇ ಉಳಿಯಿತು.

ಜೋಳವೂ ಹೊರಗಿನಿಂದಲೇ ಬಂದದ್ದು. ಪೂರ್ವ ಸುಡಾನಿನ ಕಸ್ಸಾಲದ ಬಳಿ ಸಿಕ್ಕ 5000 ವರ್ಷಕ್ಕೂ ಹಳೆಯ ಮಡಕೆ ಚೂರುಗಳಲ್ಲಿ ಕೃಷಿ ಮಾಡಿದ ಜೋಳದ ಹೊಟ್ಟಿನ ಅಚ್ಚು ಮೂಡಿರುವುದನ್ನು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ಆಫ್ರಿಕಾದಿಂದ ಸಮುದ್ರ ದಾಟಿ ಬಂದ ಈ ಕಾಳು ನಮ್ಮ ಎರೆಭೂಮಿಗೆ ಹೇಳಿ ಮಾಡಿಸಿದಂತೆ ಹೊಂದಿಕೊಂಡಿತು. ಎರೆಮಣ್ಣು ಮುಂಗಾರು ಹಾಗೂ ಹಿಂಗಾರಿನ ಮೊದಲ ಮಳೆಯ ನೀರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಬಿಳಿಜೋಳ ಆ ತೇವದ ಮೇಲೆಯೇ, ಬೇರೆ ಮಳೆಗೆ ಹೆಚ್ಚು ಕಾಯದೆ, ಚಳಿಗಾಲವಿಡೀ ಬೆಳೆಯುತ್ತದೆ. ಕಾಳು ಮನುಷ್ಯನಿಗೆ, ಕಣಕಿ ದನಕ್ಕೆ. ನರಗುಂದ, ರೋಣದ ಎರೆಹೊಲಗಳ ಲೆಕ್ಕಾಚಾರ ಇಷ್ಟೇ. ಗಜೇಂದ್ರಗಡದ ಗುಡ್ಡದ ಮಗ್ಗುಲಿನ ಮಸಾರಿ ನೆಲದಲ್ಲಿ ಸಜ್ಜೆ, ನವಣೆ ಜೊತೆಗೂಡುತ್ತಿದ್ದವು.

ಬೆಳೆದ ಜೋಳವನ್ನು ಕಾಪಾಡುವ ವಿದ್ಯೆಯೂ ಇಲ್ಲಿತ್ತು. ಊರಿನ ಗಟ್ಟಿ ನೆಲದಲ್ಲಿ ತೋಡಿದ ಹಗೇವುಗಳಲ್ಲಿ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳವೂ ಉಸಿರಾಡಿ ಆಮ್ಲಜನಕ ಮುಗಿದು, ಇಂಗಾಲದ ಡೈಆಕ್ಸೈಡ್ ತುಂಬಿ, ಹುಳುಗಳು ಸಾಯುತ್ತಿದ್ದವು. ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹಗೇವು ತೆರೆದೊಡನೆ ಒಳಗೆ ಇಳಿಯಬಾರದು, ದೀಪ ಇಳಿಸಿ ಅದು ಉರಿಯುತ್ತದೆಯೇ ನೋಡಬೇಕು ಎಂಬ ಹಿರಿಯರ ಕಟ್ಟಪ್ಪಣೆಗೆ ಇದೇ ಕಾರಣ.

ಹಗೇವುಗಳೂ ಬರಿದಾದ ವರ್ಷಗಳಿದ್ದವು. 1791-92ರ ಡೋಗಿ ಬರದಲ್ಲಿ ಹೂಳುವವರಿಲ್ಲದೆ ತಲೆಬುರುಡೆಗಳು ಬಿದ್ದಿದ್ದವೆಂದು ಆ ಹೆಸರು ಬಂತು. 1876-78ರ ಮಹಾಕ್ಷಾಮ ಧಾರವಾಡ, ಕಲಾದಗಿ, ಬಳ್ಳಾರಿ ಸೀಮೆಗಳನ್ನು ನುಂಗಿತು. ರೋಣ, ನರಗುಂದ ಆಗ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಗಜೇಂದ್ರಗಡ ರೋಣದಿಂದ ಬೇರ್ಪಟ್ಟು ತಾಲ್ಲೂಕಾದದ್ದು ಅದಕ್ಕೂ ಈಚೆಗೆ. ಧಾನ್ಯ ಇಲ್ಲಿ ವ್ಯಾಪಾರದ ಸರಕು ಆಗುವ ಮೊದಲು ಜೀವದ ಪ್ರಶ್ನೆಯಾಗಿತ್ತು.

ಮಾದಲಿ ಎಂಬ ನಮ್ಮ ಉದುರು ಸಿಹಿ

ಗೋಧಿ ಎಲ್ಲಿತ್ತು ಎಂದರೆ, ಅರಮನೆಯಲ್ಲಿ ಮತ್ತು ಹಬ್ಬದಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೋಧಿ ಹಿಟ್ಟಿನ ಮಂಡಿಗೆ ಮುಂತಾದ ಭಕ್ಷ್ಯಗಳ ವಿವರವಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನೇ ಬರೆದ. ರಾಜರ ಅಡುಗೆಗೆ ಗ್ರಂಥಗಳಿದ್ದವು. ರೊಟ್ಟಿ, ನುಚ್ಚು, ಅಂಬಲಿಗೆ ಗ್ರಂಥ ಬೇಕಾಗಿರಲಿಲ್ಲ. ಬಡವರ ಧಾನ್ಯದ ಪರವಾಗಿ ಮಾತನಾಡಿದವರು ಕನಕದಾಸರು. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಅಕ್ಕಿಗೂ ವಾದ ಹುಟ್ಟಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಕಳೆಗುಂದದೆ ಉಳಿದ ರಾಗಿಯೇ ಗೆಲ್ಲುತ್ತದೆ.

ಉತ್ತರ ಕರ್ನಾಟಕದ ಹಬ್ಬದ ಗೋಧಿ ಸಿಹಿಗಳಲ್ಲಿ ನಮ್ಮ ವಿಷಯಕ್ಕೆ ತೀರ ಹತ್ತಿರವಾದದ್ದು ಮಾದಲಿ. ಗೋಧಿ ಮತ್ತು ಕಡಲೆಬೇಳೆಯನ್ನು ತರಿಯಾಗಿ ಬೀಸಿ, ಗಟ್ಟಿಯಾಗಿ ಕಲಸಿ, ದಪ್ಪ ರೊಟ್ಟಿಗಳನ್ನು ಹಂಚಿನ ಮೇಲೆ ಬೇಯಿಸುತ್ತಾರೆ. ಬೆಂದ ರೊಟ್ಟಿಯನ್ನು ಮುರಿದು, ಕುಟ್ಟಿ, ಜರಡಿ ಹಿಡಿದು ಪುಡಿ ಮಾಡುತ್ತಾರೆ. ಅದಕ್ಕೆ ಬೆಲ್ಲ, ಒಣಕೊಬ್ಬರಿ, ಗಸಗಸೆ, ಪುಟಾಣಿ, ಏಲಕ್ಕಿ ಬೆರೆಸಿ ಹಾಲು ತುಪ್ಪದೊಂದಿಗೆ ಬಡಿಸುತ್ತಾರೆ. ಮದುವೆಗೆ, ಜಾತ್ರೆಗೆ, ದಾಸೋಹಕ್ಕೆ ಮಾದಲಿ ಬೇಕೇ ಬೇಕು. ಗಜೇಂದ್ರಗಡಕ್ಕೆ ನೆರೆಯ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿ ಬರುತ್ತದೆ, ದಾಸೋಹದಲ್ಲಿ ಮಾದಲಿಯ ರಾಶಿಯೇ ಇರುತ್ತದೆ.

ಈ ವಿಧಾನವನ್ನು ವಿಜ್ಞಾನದ ಕಣ್ಣಿನಿಂದ ನೋಡಿ. ಗೋಧಿಯ ಅಂಟು ಹಿಟ್ಟನ್ನು ಹಿಡಿದು ಕಟ್ಟುತ್ತದೆ. ನಮಗೆ ಬೇಕಾದದ್ದು ಉದುರು ಪುಡಿ. ಆದ್ದರಿಂದ ಕಟ್ಟಿದ್ದನ್ನು ಬೇಯಿಸಿ, ಒಣಗಿಸಿ, ಕುಟ್ಟಿ ಒಡೆಯಬೇಕು. ಪಾಶ್ಚಾತ್ಯರು ಅದೇ ಅಂಟನ್ನು ಬೇರೆ ದಾರಿಯಿಂದ ತಡೆಯುತ್ತಾರೆ. ತಣ್ಣನೆಯ ಬೆಣ್ಣೆಯನ್ನು ಒಣಹಿಟ್ಟಿಗೆ ಉಜ್ಜಿದರೆ ಕಣಗಳಿಗೆ ಜಿಡ್ಡಿನ ಲೇಪವಾಗಿ ನೀರು ತಾಗುವುದಿಲ್ಲ, ಬಲೆ ಹೆಣೆಯುವುದಿಲ್ಲ. ಬ್ರಿಟನ್ನಿನಲ್ಲಿ ಈ ಕ್ರಂಬಲ್ ಮನೆಮಾತಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1940ರಿಂದ 1954ರವರೆಗೆ ಅಲ್ಲಿ ಆಹಾರಕ್ಕೆ ಪಡಿತರವಿತ್ತು. ಹಣ್ಣಿನ ಪೈಗೆ ಬೇಕಾಗುವಷ್ಟು ಹಿಟ್ಟು, ಬೆಣ್ಣೆ ಇಲ್ಲದಾಗ ಇದ್ದಷ್ಟನ್ನೇ ಪುಡಿಯಾಗಿ ಮೇಲೆ ಉದುರಿಸುವುದು ಸುಲಭವಾಗಿತ್ತು. ಇಲ್ಲಿ ಅಚ್ಚರಿಯ ಒಂದು ಅಂಶವಿದೆ. ಎರಡೂ ಕಡೆಯ ಶ್ರಮವೆಲ್ಲ ಗೋಧಿಯ ಅಂಟನ್ನು ಸೋಲಿಸುವುದಕ್ಕೆ. ಜೋಳದಲ್ಲಿ ಆ ಅಂಟೇ ಇಲ್ಲ. ಬ್ರೆಡ್ಡಿಗೆ ಒಗ್ಗದ ದೋಷವೇ ಉದುರು ಪುಡಿಗೆ ಗುಣ.

ನೀರು ಬಂತು, ತಟ್ಟೆ ಬದಲಾಯಿತು

1970ರ ದಶಕದಲ್ಲಿ ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗಳಲ್ಲಿ ಹರಿದು ಬಂತು. ನರಗುಂದ, ನವಲಗುಂದದ ರೈತರು ಹತ್ತಿಯತ್ತ ತಿರುಗಿದರು. ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ ಹತ್ತಿ ಆಗಿನ ಹೊಸ ಆಸೆ. ಬೆಲೆ ಕುಸಿದಾಗ, ನೀರಿನ ಕರ ಹಾಗೂ ಅಭಿವೃದ್ಧಿ ಕರದ ಹೊರೆ ಬಿದ್ದಾಗ ಸಿಟ್ಟು ಸ್ಫೋಟಿಸಿತು. 1980ರ ಜುಲೈ 21ರಂದು ಗೋಲಿಬಾರ್ ನಡೆಯಿತು. ಆ ದಿನವನ್ನು ಇಂದಿಗೂ ರೈತ ಹುತಾತ್ಮರ ದಿನವೆಂದು ಆಚರಿಸುತ್ತಾರೆ. ಕರ್ನಾಟಕ ರಾಜ್ಯ ರೈತ ಸಂಘದ ಹುಟ್ಟಿಗೆ ಈ ಬಂಡಾಯ ಪ್ರೇರಣೆಯಾಯಿತು. ಮನೆಗೆ ಉಣ್ಣುವ ಬೆಳೆಯಿಂದ ಪೇಟೆಗೆ ಮಾರುವ ಬೆಳೆಗೆ ಸರಿಯುವುದು ಎಷ್ಟು ದೊಡ್ಡ ಪಲ್ಲಟ ಎಂಬುದನ್ನು ಈ ಘಟನೆ ತೋರಿಸಿತು.

ಮುಂದೆ ಕಡಲೆ, ಹೆಸರು, ಮೆಕ್ಕೆಜೋಳ, ಹತ್ತಿಗಳು ಜೋಳದ ಜಾಗವನ್ನು ಬಹಳಷ್ಟು ಆಕ್ರಮಿಸಿದವು. ಪಡಿತರದಲ್ಲಿ ಅಕ್ಕಿ, ಗೋಧಿ ಬಂದವು. ಅಂಗಡಿಯಲ್ಲಿ ಬಿಸ್ಕೀಟು, ಬ್ರೆಡ್ಡು, ಶಾವಿಗೆಯ ಪೊಟ್ಟಣಗಳು ಬಂದವು. ಎರಡು ಹೊತ್ತು ರೊಟ್ಟಿ ಉಣ್ಣುತ್ತಿದ್ದ ಮನೆಯಲ್ಲಿ ಒಂದು ಹೊತ್ತು ಚಪಾತಿಯಾಯಿತು. ಇದನ್ನು ತಪ್ಪೆಂದು ಹೇಳಲಾಗದು. ರೊಟ್ಟಿ ಬಡಿಯುವ ಶ್ರಮ ಯಾರದು ಎಂಬುದನ್ನೂ ನಾವು ನೆನೆಯಬೇಕು. ಆದರೆ ಪರಿಣಾಮವನ್ನು ಗಮನಿಸಬೇಕು. ಭಾರತದ ಮೂರು ಭಾಗಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೀಲಿಯಾಕ್ ಕಾಯಿಲೆ ಉತ್ತರದಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಿಗೆ ಇದೆ. ಕಾಯಿಲೆಗೆ ಎಡೆಮಾಡುವ ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿವೆ. ದೊಡ್ಡ ಅಂತರ ಇದ್ದದ್ದು ತಿನ್ನುವ ಗೋಧಿಯ ಪ್ರಮಾಣದಲ್ಲಿ. ತಟ್ಟೆ ಬದಲಾದರೆ ಈ ಲೆಕ್ಕವೂ ಬದಲಾಗಬಹುದು.

ಜೋಳದ ಉದುರು ಪುಡಿ ಮಾಡುವ ಕ್ರಮ

ಈಗ ಆರಂಭದ ಪ್ರಶ್ನೆಗೆ ಬರೋಣ. ನಾಲ್ಕೈದು ಜನರಿಗೆ ಬೇಕಾಗುವ ಅಳತೆ ಇದು: ಬಿಳಿಜೋಳದ ಹಿಟ್ಟು 100 ಗ್ರಾಂ, ಪುಟಾಣಿ ಹಿಟ್ಟು 25 ಗ್ರಾಂ, ಹುರಿದು ತರಿಯಾಗಿ ಕುಟ್ಟಿದ ಶೇಂಗಾ 25 ಗ್ರಾಂ, ಪುಡಿಬೆಲ್ಲ 60 ಗ್ರಾಂ, ಗಟ್ಟಿಯಾದ ತುಪ್ಪ 60 ಗ್ರಾಂ, ಚಿಟಿಕೆ ಉಪ್ಪು, ಏಲಕ್ಕಿ.

ಮೊದಲು ಜೋಳದ ಹಿಟ್ಟನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಹಸಿ ವಾಸನೆ ಹೋಗಿ ಘಮ ಬಂದೊಡನೆ ಇಳಿಸಿ. ಪೂರ್ತಿ ಆರಿದ ಮೇಲೆ ಉಳಿದ ಪುಡಿಗಳನ್ನು ಸೇರಿಸಿ, ತುಪ್ಪವನ್ನು ಬೆರಳ ತುದಿಯಿಂದ ಉಜ್ಜಿ. ಜೋಳದ ತೊಂದರೆ ಒಂದೇ: ಹಿಡಿದಿಡುವ ಬಲೆ ಇಲ್ಲದ್ದರಿಂದ ಅದು ಮರಳಿನಂತೆ ತೀರ ಸಣ್ಣಗೆ ಉದುರಬಹುದು. ಅದಕ್ಕಾಗಿಯೇ ಒಂದೆರಡು ಚಮಚ ಹಾಲು ಚಿಮುಕಿಸಿ, ಕಾಳಿನಷ್ಟು ದಪ್ಪನೆಯ ಗಂಟುಗಳಾಗುವಂತೆ ಕೈಯಾಡಿಸಬೇಕು. ಬೆಲ್ಲ ಬಿಸಿಯಲ್ಲಿ ಕರಗಿ, ಆರಿದಾಗ ಗಟ್ಟಿಯಾಗಿ ಈ ಗಂಟುಗಳನ್ನು ಹಿಡಿಯುತ್ತದೆ. ಅಂಟಿನ ಕೆಲಸವನ್ನು ಬೆಲ್ಲ ಮಾಡುತ್ತದೆ ಎನ್ನಿ.

ಓವನ್ ಇದ್ದವರು ಬೆಲ್ಲ ಹಾಕಿ ಅರೆಬೇಯಿಸಿದ ಹಣ್ಣಿನ ಮೇಲೆ ಇದನ್ನು ಹರಡಿ, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 25 ನಿಮಿಷದಷ್ಟು ಇಡಬಹುದು. ಓವನ್ ಇಲ್ಲದ ಮನೆಯಲ್ಲಿ ಪುಡಿಯನ್ನು ಬಾಣಲೆಯಲ್ಲೇ ಸಣ್ಣ ಉರಿಯಲ್ಲಿ, ಮೆಲ್ಲಗೆ ತಿರುವುತ್ತ ಕೆಂಪಗೆ ಮಾಡಿ ಆರಲು ಬಿಡಿ. ಪೇರಲ, ಬಾಳೆ ಅಥವಾ ಮಾವನ್ನು ಬೇರೆಯಾಗಿ ಬೆಲ್ಲದಲ್ಲಿ ಬೇಯಿಸಿ, ಬಡಿಸುವಾಗ ಮಾತ್ರ ಪುಡಿ ಉದುರಿಸಿ. ಮೊದಲೇ ಉದುರಿಸಿದರೆ ಪಿಷ್ಟ ರಸ ಕುಡಿದು ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಮಾವಿನ ಸೀಕರಣೆಯ ಮೇಲೂ ಇದು ಚೆನ್ನ. ಜೋಳದ ಬದಲು ನವಣೆ ಹಿಟ್ಟು ಬಳಸಬಹುದು.

ಕೆಲವು ಎಚ್ಚರಿಕೆಗಳು ಅಗತ್ಯ. ಸದಕ ಅಥವಾ ಕಪಲಿ ಗೋಧಿ ಹಳೆಯ ತಳಿಯಾದ್ದರಿಂದ ನಿರಪಾಯವೆಂದು ಕೆಲವರು ನಂಬುತ್ತಾರೆ. ಅದರಲ್ಲೂ ಗ್ಲುಟೆನ್ ಇದೆ. ರವೆಯೂ ಗೋಧಿಯೇ. ಪೇಟೆಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಊರಿನ ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಹಾಕಿದರೆ ಹಿಂದಿನ ಹಿಟ್ಟು ಸೇರಿಕೊಳ್ಳುತ್ತದೆ. ಗ್ಲುಟೆನ್‌ರಹಿತ ಎನ್ನಿಸಿಕೊಳ್ಳಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಹಾಗಾಗಿ ಇಂಥ ಮಗುವಿನ ಜೋಳವನ್ನು ಮನೆಯ ಬೀಸುಕಲ್ಲಿನಲ್ಲಿ ಅಥವಾ ಬೇರೆ ಮಿಕ್ಸರಿನಲ್ಲಿ ಬೀಸುವುದೇ ಲೇಸು. ಸಂಶಯವಿದ್ದವರು ತಾವಾಗಿಯೇ ಗೋಧಿ ಬಿಡದೆ ಮೊದಲು ವೈದ್ಯರನ್ನು ಕಾಣಬೇಕು, ಏಕೆಂದರೆ ಗೋಧಿ ಬಿಟ್ಟ ಮೇಲೆ ರಕ್ತಪರೀಕ್ಷೆ ಸರಿಯಾದ ಫಲಿತಾಂಶ ಕೊಡದೆ ಹೋಗಬಹುದು. ಕಾಯಿಲೆ ಇಲ್ಲದವರು ಗೋಧಿಗೆ ಹೆದರಬೇಕಾಗಿಲ್ಲ.

ಪಂಕ್ತಿಯಲ್ಲಿ ಒಂದು ಎಲೆ

ಭಾರತದ ಪ್ರಸ್ತಾಪದ ಮೇರೆಗೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಭಾಷಣಗಳಾದವು, ಮೇಳಗಳಾದವು. ಆದರೆ ಧಾನ್ಯ ಉಳಿಯುವುದು ಮೇಳದಲ್ಲಲ್ಲ, ಅದಕ್ಕೊಂದು ಕೆಲಸವಿರುವ ಅಡುಗೆಮನೆಯಲ್ಲಿ.

ಜಾತ್ರೆಯ ದಾಸೋಹದ ಅರ್ಥವೇ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಅಡುಗೆ ಉಣ್ಣುವುದು. ಆ ಸಾಲಿನಲ್ಲಿ ಮಾದಲಿ ಬಡಿಸುತ್ತ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯಬೇಕಾದ ಒಂದು ಮಗುವಿದೆ ಎಂದುಕೊಳ್ಳಿ. ಅದಕ್ಕೆ ಕೊಡಬೇಕಾದದ್ದು ಹೊರದೇಶದ ಪೊಟ್ಟಣವಲ್ಲ. ಬಡಿಗೆ ರೊಟ್ಟಿಯ ಜೋಳವನ್ನೇ ಬೆಲ್ಲ, ಕೊಬ್ಬರಿ, ಗಸಗಸೆಯೊಂದಿಗೆ ಪುಡಿ ಮಾಡಿದರೆ ಅದೂ ಮಾದಲಿಯೇ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ: ಗೋಧಿ ಕೈಗೆಟುಕದ ವರ್ಷಗಳಲ್ಲಿ ಹಬ್ಬದ ಸಿಹಿಯನ್ನು ಯಾವ ಕಾಳಿನಿಂದ ಮಾಡುತ್ತಿದ್ದರು? ಅವರು ಹೇಳಿದ್ದನ್ನು ಅಳತೆಯ ಸಮೇತ ಬರೆದಿಟ್ಟುಕೊಳ್ಳಿ. ಗ್ರಂಥಗಳು ಬರೆಯದೆ ಬಿಟ್ಟ ಚರಿತ್ರೆಯ ಒಂದು ಪುಟ ಆಗ ನಿಮ್ಮ ನೋಟ್‌ಬುಕ್ಕಿನಲ್ಲಿ ಉಳಿಯುತ್ತದೆ.